ಹೊಲದ ಜಮಾ-ಖರ್ಚು

ಕೋಲಾರ ಜಿಲ್ಲೆಯಲ್ಲಿ ಒಂದು ಎಕರೆ ಟೊಮೆಟೊ ಹಾಕಿದವರನ್ನು ಯಾರೂ ಕೈಗಾರಿಕಾ ಕೃಷಿಕರೆಂದು ಕರೆಯುವುದಿಲ್ಲ. ಸರ್ಕಾರಿ ದಾಖಲೆಯಲ್ಲಿ ಅವರು ಅತಿ ಸಣ್ಣ ಹಿಡುವಳಿದಾರರು. ಆದರೆ ಆ ಎಕರೆಯೊಳಕ್ಕೆ ಏನೇನು ಬರುತ್ತದೆಂದು ಬದುವಿನ ಮೇಲೆ ನಿಂತು ಪಟ್ಟಿ ಮಾಡಿ ನೋಡಿ. ಸಸಿ ನರ್ಸರಿಯಿಂದ ಬಂತು, ಅದರ ಹೈಬ್ರಿಡ್ ಬೀಜ ಕಂಪನಿಯಿಂದ. ಮಡಿಗೆ ಹೊದಿಸಿದ ಮಲ್ಚಿಂಗ್ ಶೀಟು, ಸಾಲಿನುದ್ದಕ್ಕೂ ಮಲಗಿದ ಡ್ರಿಪ್ ಪೈಪು, ಅದರಲ್ಲೇ ಹರಿಯುವ ಕರಗುವ ಗೊಬ್ಬರ, ಗಿಡ ಎತ್ತಿ ಕಟ್ಟಲು ನೀಲಗಿರಿ ಕಡ್ಡಿ, ಅಂಗಮಾರಿಗೊಂದು ಕಾಯಿಕೊರಕಕ್ಕೊಂದು ಔಷಧಿ. ನೀರಂತೂ ಎಷ್ಟೋ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್‌ನಿಂದ, ಮಳೆ ಮತ್ತೆ ತುಂಬಿಕೊಡಲು ಎಷ್ಟೋ ಕಾಲ ಬೇಕಾಗುವಷ್ಟು ಆಳದಿಂದ ಬರಬೇಕು. ಹೊಲ ಚಿಕ್ಕದು, ವ್ಯವಸಾಯ ಮಾತ್ರ ಅಪ್ಪಟ ಕಾರ್ಖಾನೆಯ ರೀತಿಯದು.

ಈಗ ಬ್ರೆಜಿಲ್ ದೇಶದ ಮಾಟೊ ಗ್ರೊಸೊ ರಾಜ್ಯಕ್ಕೆ ಹೋಗೋಣ. ಅಲ್ಲಿ ಸೋಯಾ ಹೊಲಗಳನ್ನು ಸಾವಿರಾರು ಹೆಕ್ಟೇರುಗಳಲ್ಲಿ ಅಳೆಯುತ್ತಾರೆ, ದೈತ್ಯ ಕಟಾವು ಯಂತ್ರಗಳು ಸಾಲಾಗಿ ಸಾಗುತ್ತವೆ. ಕೈಗಾರಿಕಾ ಕೃಷಿ ಎಂದಾಗ ಕಣ್ಣಿಗೆ ಬರುವ ಚಿತ್ರವೇ ಅದು. ಆದರೂ ಆ ಸೋಯಾ ಬೆಳೆಗೆ ಸಾರಜನಕದ ಗೊಬ್ಬರವನ್ನು ಬಹುಮಟ್ಟಿಗೆ ಹಾಕುವುದೇ ಇಲ್ಲ. ಬಿತ್ತುವ ಮುಂಚೆ ಬೀಜಕ್ಕೆ ಬ್ರಾಡಿರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಲೇಪಿಸುತ್ತಾರೆ. ಗಾಳಿಯಲ್ಲಿರುವ ಸಾರಜನಕವನ್ನು ಅದೇ ಹಿಡಿದು ಕೊಡುತ್ತದೆ. ಅಮೆರಿಕದ ಹಾದಿಯಲ್ಲಿ ಗೊಬ್ಬರ ಸುರಿಯುವ ಬದಲು ಈ ಹಾದಿ ಹಿಡಿಯಬೇಕೆಂದು ಹಠ ಹಿಡಿದವರಲ್ಲಿ ಮುಂಚೂಣಿಯಲ್ಲಿದ್ದವರು ಯೊಹಾನ್ನಾ ಡೋಬೆರೈನರ್ ಎಂಬ ಮಣ್ಣು ವಿಜ್ಞಾನಿ. ಅಲ್ಲಿನ ಬಹಳಷ್ಟು ಹೊಲಗಳನ್ನು ಈಗ ಉಳುವುದೂ ಇಲ್ಲ.

ಹಾಗೆಂದು ಮಾಟೊ ಗ್ರೊಸೊವನ್ನು ಮಾದರಿ ಎನ್ನುವಂತಿಲ್ಲ. ಅಲ್ಲಿನ ಹೊಲಗಳು ಸೆರಾಡೊ ಹುಲ್ಲುಗಾಡನ್ನೂ ಅಮೆಜಾನ್ ಕಾಡಿನ ಅಂಚನ್ನೂ ಸವರಿ ಎದ್ದವು; ರಂಜಕ, ಪೊಟ್ಯಾಷ್ ಮತ್ತು ಕಳೆನಾಶಕಗಳ ಖರ್ಚು ವಿಪರೀತ. ಈ ಎರಡು ಹೊಲಗಳಿಂದ ಕಲಿಯಬೇಕಾದ ಪಾಠ ಒಂದೇ: ಒಂದು ಬೇಸಾಯ ಬಾಳುತ್ತದೋ ಇಲ್ಲವೋ ಎಂಬುದನ್ನು ಪಹಣಿಯಲ್ಲಿರುವ ಎಕರೆ-ಗುಂಟೆ ಹೇಳಲಾರದು. ಹೊಲದಿಂದ ಏನು ಹೊರಟಿತು, ಏನು ಮರಳಿತು, ಮರಳದ್ದನ್ನು ಯಾರ ಗಂಟಿನಿಂದ ತುಂಬಿದರು ಎಂಬ ಜಮಾ-ಖರ್ಚನ್ನು ನೋಡಬೇಕು. ಎಕರೆಯ ಅಳತೆಗೂ ಇದರಲ್ಲಿ ಪಾತ್ರವಿದೆ, ಆದರೆ ನಾವು ಅಂದುಕೊಂಡ ಜಾಗದಲ್ಲಿ ಅಲ್ಲ.

ಇದು ನಮಗೆ ಪುಸ್ತಕದ ಪ್ರಶ್ನೆಯಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ಭಾರತದ ಸರಾಸರಿ ಹಿಡುವಳಿ 1.08 ಹೆಕ್ಟೇರ್. ನೂರಕ್ಕೆ 86 ಹಿಡುವಳಿಗಳು ಎರಡು ಹೆಕ್ಟೇರಿನ ಒಳಗಿನವು. ಅಮೆರಿಕದಲ್ಲಿ ಒಂದು ಫಾರ್ಮ್ ಎಂದರೆ ಸರಾಸರಿ 460 ಎಕರೆಗೂ ಹೆಚ್ಚು.

ಹನ್ನೊಂದು ಕಿಲೋ ಸಾರಜನಕ

ಲೆಕ್ಕವನ್ನು ರಾಗಿಯಿಂದ ಶುರುಮಾಡೋಣ. ಒಳ್ಳೆ ಮಳೆಯಾದ ವರ್ಷ ಒಂದು ಎಕರೆ ಖುಷ್ಕಿಯಲ್ಲಿ ಹತ್ತು ಕ್ವಿಂಟಲ್ ರಾಗಿ ಬಂತೆನ್ನಿ. ರಾಗಿಯಲ್ಲಿ ನೂರಕ್ಕೆ ಸುಮಾರು ಏಳು ಪಾಲು ಪ್ರೋಟೀನು. ಆ ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಆರನೇ ಒಂದು ಪಾಲು ಸಾರಜನಕ. ಹತ್ತು ಕ್ವಿಂಟಲನ್ನೂ ಮಾರಿದರೆ ಸುಮಾರು 11 ಕಿಲೋ ಸಾರಜನಕ ಲಾರಿ ಹತ್ತಿ ಹೋದಂತಾಯಿತು. 45 ಕಿಲೋ ಯೂರಿಯಾ ಚೀಲದಲ್ಲಿರುವ ಸಾರಜನಕ 20 ಕಿಲೋ ಚಿಲ್ಲರೆ. ಅಂದರೆ ಅರ್ಧ ಚೀಲ ಎರಚಿದರೆ ಖರ್ಚಿಗೆ ಜಮಾ ಸರಿಹೋಗಬೇಕು.

ಸರಿಹೋಗುವುದಿಲ್ಲ. ಎರಚಿದ ಸಾರಜನಕವನ್ನೆಲ್ಲ ಬೆಳೆ ತೆಗೆದುಕೊಳ್ಳುವುದಿಲ್ಲ. ಜಗತ್ತಿನ ಏಕದಳ ಧಾನ್ಯಗಳ ಸರಾಸರಿ ನೋಡಿದರೆ, ಹಾಕಿದ್ದರಲ್ಲಿ ಕಾಳಿಗೆ ಸೇರುವುದು ಮೂರನೇ ಒಂದು ಪಾಲು ಮಾತ್ರ ಎಂದು 1999ರಲ್ಲಿ ಅಮೆರಿಕದ ವಿಜ್ಞಾನಿಗಳು ಅಂದಾಜಿಸಿದ್ದರು. ಉಳಿದದ್ದರಲ್ಲಿ ಒಂದಷ್ಟು ಅಮೋನಿಯಾ ಆಗಿ ಹಾರುತ್ತದೆ, ಒಂದಷ್ಟು ನೈಟ್ರೇಟ್ ಆಗಿ ಬಾವಿಗೆ ಇಳಿಯುತ್ತದೆ. ಇನ್ನೂ ಸ್ವಲ್ಪ ನೈಟ್ರಸ್ ಆಕ್ಸೈಡ್ ಆಗಿ ಆಕಾಶ ಸೇರುತ್ತದೆ; ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಹೆಚ್ಚು ಬಿಸಿ ಹಿಡಿಯುವ ಅನಿಲ. ಅಮೆರಿಕದ ಮೆಕ್ಕೆಜೋಳದ ಸೀಮೆಯಿಂದ ಮಿಸಿಸಿಪ್ಪಿ ನದಿ ಹೊತ್ತು ತಂದ ಗೊಬ್ಬರದ ಸಾರದಿಂದ ಮೆಕ್ಸಿಕೊ ಕೊಲ್ಲಿಯಲ್ಲಿ ಪಾಚಿ ಬೆಳೆದು, ಕೊಳೆತು, ನೀರಿನ ಆಮ್ಲಜನಕ ಮುಗಿದು ಮೀನುಗಳು ಬದುಕಲಾರದ ಪಟ್ಟಿಯೊಂದು ಪ್ರತಿ ಬೇಸಿಗೆಯಲ್ಲಿ ಮೂಡುತ್ತದೆ. 2017ರಲ್ಲಿ ಅದು 22 ಸಾವಿರ ಚದರ ಕಿಲೋಮೀಟರ್ ದಾಟಿತ್ತು.

ಇಷ್ಟಾದರೂ ಯೂರಿಯಾವನ್ನು ಶಪಿಸುವ ಮುನ್ನ ಒಂದು ಮಾತು. ಜರ್ಮನಿಯ ರಸಾಯನ ವಿಜ್ಞಾನಿ ಫ್ರಿಟ್ಸ್ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡಿ ತೋರಿಸಿದ್ದು 1909ರಲ್ಲಿ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದದ್ದು 1913ರಲ್ಲಿ. ಇಂದು ಭೂಮಿಯ ಮೇಲಿರುವ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಊಟ ಈ ವಿಧಾನದ ಮೇಲೆ ನಿಂತಿದೆ. ಆ ಅರ್ಧದಲ್ಲಿ ಕೋಟ್ಯಂತರ ಸಣ್ಣ ಹಿಡುವಳಿದಾರರೂ ಇದ್ದಾರೆ.

ಬೇರಿನ ಗಂಟಿನೊಳಗೆ

ಹೇಬರ್-ಬಾಷ್ ಕಾರ್ಖಾನೆಗೆ 400 ಡಿಗ್ರಿಗೂ ಮಿಕ್ಕಿದ ಶಾಖ ಬೇಕು, ನೂರೈವತ್ತರಿಂದ ಇನ್ನೂರು ಪಟ್ಟು ವಾಯುಭಾರದ ಒತ್ತಡ ಬೇಕು, ಜಲಜನಕಕ್ಕಾಗಿ ನೈಸರ್ಗಿಕ ಅನಿಲ ಬೇಕು. ಅದೇ ಕೆಲಸವನ್ನು ಅಲಸಂದೆ ಗಿಡ ಹೊಲದ ಬಿಸಿಲಲ್ಲೇ ಮಾಡಿಸಿಕೊಳ್ಳುತ್ತದೆ.

ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ನೋಡಬಹುದು. ಕೈಯಿಂದ ಕಿತ್ತರೆ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ. ಕುಡುಗೋಲಿನಿಂದ ಸುತ್ತ ಬಗೆದು, ಹೆಂಟೆ ಸಮೇತ ಎತ್ತಿ, ಬಕೆಟ್ ನೀರಲ್ಲಿ ಅದ್ದಿ ಮಣ್ಣು ಬಿಡಿಸಬೇಕು. ಬೇರಿಗೆ ಅಂಟಿಕೊಂಡ ಸಣ್ಣ ಗಂಟುಗಳಲ್ಲಿ ಒಂದನ್ನು ಉಗುರಿನಿಂದ ಸೀಳಿ. ಒಳಗೆ ಕೆಂಪು ಅಥವಾ ಗುಲಾಬಿ ಬಣ್ಣವಿದ್ದರೆ ಕೆಲಸ ನಡೆಯುತ್ತಿದೆ. ಹಸಿರು, ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಆಯಸ್ಸು ಮುಗಿದಿದೆ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನಿನದು, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದಾಯಾದಿ. ಸಾರಜನಕವನ್ನು ಒಡೆಯುವ ನೈಟ್ರೋಜಿನೇಸ್ ಕಿಣ್ವಕ್ಕೆ ಆಮ್ಲಜನಕ ತಗುಲಿದರೆ ಕೆಟ್ಟುಹೋಗುತ್ತದೆ. ಗಂಟಿನೊಳಗೆ ಆ ಕಿಣ್ವ ತಯಾರಿಸುವ ಬ್ಯಾಕ್ಟೀರಿಯಾಕ್ಕೋ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಕೆಂಪು ಪ್ರೋಟೀನು ಆಮ್ಲಜನಕವನ್ನು ಹಿಡಿದಿಟ್ಟು, ಬೇಕಾದಷ್ಟನ್ನೇ ಬಿಡುತ್ತ ಎರಡೂ ಕಡೆಯವರನ್ನು ಸಂಭಾಳಿಸುತ್ತದೆ. ಇದು ಪುಕ್ಕಟೆಯಲ್ಲ. ತಾನು ಬಿಸಿಲಲ್ಲಿ ತಯಾರಿಸಿದ ಸಕ್ಕರೆಯ ಒಂದು ಭಾಗವನ್ನು ಗಿಡ ಇದಕ್ಕೆ ತೆರುತ್ತದೆ. ಮಣ್ಣಲ್ಲಿ ಯೂರಿಯಾ ಧಾರಾಳವಾಗಿದ್ದರೆ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ.

ಹಳೆ ಮೈಸೂರು ಸೀಮೆಯ ಅಕ್ಕಡಿ ಸಾಲುಗಳ ಹಿಂದಿರುವುದು ಇದೇ ರಸಾಯನ. ಕೂರಿಗೆಯಲ್ಲಿ ರಾಗಿ, ಅದರ ಹಿಂದೆ ಕಟ್ಟಿದ ಬಿದಿರಿನ ಕೊಳವೆಯಲ್ಲಿ ಅವರೆ, ತೊಗರಿ, ಅಲಸಂದೆ. ಅಂಚಿನಲ್ಲಿ ಹುಚ್ಚೆಳ್ಳು, ಸಾಸಿವೆ, ಹರಳು. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ರಾಗಿಯ ಜೊತೆಗಿನ ಅವರೆ-ತೊಗರಿ ಸಾಲುಗಳನ್ನು ಬರೆದಿಟ್ಟಿದ್ದಾನೆ. ರಾಗಿಯ ಬೇರು ಮೇಲುಮಣ್ಣಲ್ಲಿ ಹರಡಿದರೆ ತೊಗರಿಯ ತಾಯಿಬೇರು ಕೆಳಗಿಳಿಯುತ್ತದೆ. ರಾಗಿ ಕೊಯ್ಲಾದ ಮೇಲೂ ಅವರೆ ಚಳಿಗಾಲದ ಇಬ್ಬನಿಯಲ್ಲಿ ಸೊಗಡು ಕಟ್ಟುತ್ತ ನಿಂತಿರುತ್ತದೆ. ಒಂದೇ ನೀರು, ಒಂದೇ ಬಿಸಿಲಿಗಾಗಿ ಎರಡೂ ಒಂದೇ ಹೊತ್ತಿನಲ್ಲಿ ಕಿತ್ತಾಡುವುದಿಲ್ಲ.

ಇದರ ಲಾಭವನ್ನು ಅಳೆಯಲು ಕೃಷಿ ವಿಜ್ಞಾನಿಗಳು ಒಂದು ಸರಳ ಲೆಕ್ಕ ಇಟ್ಟುಕೊಂಡಿದ್ದಾರೆ: ಮಿಶ್ರ ಬೆಳೆಯ ಒಂದು ಎಕರೆ ಕೊಟ್ಟಷ್ಟನ್ನೇ ಬಿಡಿಬಿಡಿಯಾಗಿ ಬೆಳೆಯಲು ಎಷ್ಟು ಎಕರೆ ಬೇಕು? ಜಗತ್ತಿನ ನೂರಾರು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ ವಿಶ್ಲೇಷಣೆಗಳಲ್ಲಿ ಸರಾಸರಿ ಉತ್ತರ 1.2ರಿಂದ 1.3 ಎಕರೆ. ಆದರೆ ದ್ವಿದಳ ಧಾನ್ಯ ಮಣ್ಣಿಗೆ ಸಾರಜನಕ ತುಂಬಿಬಿಡುತ್ತದೆ ಎಂಬ ಮಾತನ್ನು ಎಚ್ಚರದಿಂದ ಕೇಳಬೇಕು. ಅವರೆಕಾಳನ್ನು ಮೂಟೆ ಕಟ್ಟಿ ಮಾರಿದರೆ ಹಿಡಿದ ಸಾರಜನಕದ ದೊಡ್ಡ ಪಾಲು ಮೂಟೆಯೊಡನೆಯೇ ಹೋಗುತ್ತದೆ. ಹೊಲಕ್ಕೆ ಉಳಿಯುವುದು ಬೇರು, ಉದುರಿದ ಎಲೆ, ಮತ್ತು ಹೊಟ್ಟು ತಿಂದ ದನದ ಸಗಣಿ.

ಬದುವಿನ ಉದ್ದ

ಇನ್ನು ಹೊಲದ ಅಳತೆಯ ವಿಚಾರ. 51 ದೇಶಗಳ 118 ಅಧ್ಯಯನಗಳನ್ನು ಪರಿಶೀಲಿಸಿದ ವಿಮರ್ಶೆಯೊಂದು 2021ರಲ್ಲಿ ಪ್ರಕಟವಾಯಿತು. ಸಣ್ಣ ಹಿಡುವಳಿಗಳಲ್ಲಿ ಎಕರೆವಾರು ಇಳುವರಿ ಹೆಚ್ಚು, ಜೀವವೈವಿಧ್ಯವೂ ಹೆಚ್ಚು ಎಂದು ಅದು ಕಂಡಿತು. ಆದರೆ ಸಂಪನ್ಮೂಲಗಳ ಮಿತವ್ಯಯದಲ್ಲಾಗಲಿ, ಒಂದು ಕಿಲೋ ಬೆಳೆಗೆ ಹೊಮ್ಮುವ ಹಸಿರುಮನೆ ಅನಿಲಗಳಲ್ಲಾಗಲಿ ಸಣ್ಣದಕ್ಕೂ ದೊಡ್ಡದಕ್ಕೂ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ಕೋಲಾರದ ಟೊಮೆಟೊ ಹೊಲವನ್ನು ನೋಡಿದವರಿಗೆ ಈ ಎರಡನೆಯ ಸಂಗತಿ ಆಶ್ಚರ್ಯ ತರದು.

ಜೀವವೈವಿಧ್ಯದ ಗುಟ್ಟು ಬಹುಪಾಲು ರೇಖಾಗಣಿತದಲ್ಲಿದೆ. ಒಂದು ಚದರ ಕಿಲೋಮೀಟರ್ ಭೂಮಿ ಒಂದೇ ಹೊಲವಾಗಿದ್ದರೆ ಅದರ ಅಂಚು 4 ಕಿಲೋಮೀಟರ್. ಅದನ್ನೇ ಒಂದೊಂದು ಹೆಕ್ಟೇರಿನ ನೂರು ಚೌಕಗಳಾಗಿ ಹಂಚಿದರೆ ಬದುಗಳ ಒಟ್ಟು ಉದ್ದ 22 ಕಿಲೋಮೀಟರ್. ಬದುವೆಂದರೆ ನೇಗಿಲು ಮುಟ್ಟದ ಜಾಗ: ಹೊಂಗೆ, ಬೇವು, ಗರಿಕೆ, ತುಂಬೆ, ನೆಲದಲ್ಲಿ ಗೂಡು ಮಾಡುವ ಒಂಟಿ ಜೇನು, ಕಾಯಿಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವ ಪರತಂತ್ರ ಕಣಜ. ಈ ಬೇಟೆಗಾರ ಕೀಟಗಳು ಅಂಚಿನಿಂದ ಒಳಕ್ಕೆ ಹಾರಬಲ್ಲ ದೂರಕ್ಕೆ ಮಿತಿಯಿದೆ. ಸಣ್ಣ ಹೊಲದ ನಡುಭಾಗ ಅವಕ್ಕೆ ಎಟಕುತ್ತದೆ. ಸಾವಿರ ಹೆಕ್ಟೇರಿನ ನಡುಭಾಗ ಎಟಕುವುದಿಲ್ಲ.

ಬರೆಯದೆ ಬಿಟ್ಟ ಕೂಲಿ

ಎಕರೆವಾರು ಇಳುವರಿಯ ಕಥೆ ಮಾತ್ರ ಅಷ್ಟು ಹಿತವಾಗಿಲ್ಲ. 1950ರ ದಶಕದಲ್ಲಿ ಭಾರತ ಸರ್ಕಾರ ನಡೆಸಿದ ಕೃಷಿ ನಿರ್ವಹಣಾ ಅಧ್ಯಯನಗಳಲ್ಲಿ, ಹಿಡುವಳಿ ಚಿಕ್ಕದಾದಷ್ಟೂ ಎಕರೆವಾರು ಉತ್ಪನ್ನ ಏರುವುದು ಕಂಡುಬಂತು. 1962ರಲ್ಲಿ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅದಕ್ಕೆ ವಿವರಣೆ ಕೊಟ್ಟರು. ಕೂಲಿಯಾಳು ಇಟ್ಟವನು, ಒಂದು ದಿನದ ದುಡಿಮೆಯಿಂದ ಬರುವ ಹೆಚ್ಚುವರಿ ಉತ್ಪನ್ನ ಕೂಲಿಗಿಂತ ಕಡಿಮೆಯಾದರೆ ನಿಲ್ಲಿಸುತ್ತಾನೆ. ಮನೆಮಂದಿಯೇ ದುಡಿಯುವ ಹೊಲದಲ್ಲಿ ಆ ಗೆರೆ ಇಲ್ಲ. ಇನ್ನೊಂದು ಸೇರು ಹೆಚ್ಚು ಬರುವುದಾದರೆ ಇನ್ನೊಂದು ದಿನ ಕಳೆ ಕೀಳುತ್ತಾರೆ. ರಷ್ಯದ ರೈತಾಪಿ ಕುಟುಂಬಗಳಲ್ಲಿ ಇದನ್ನೇ ಅದಕ್ಕೂ ಮೊದಲು ಕಂಡಿದ್ದ ಅಲ್ಲಿನ ಅರ್ಥಶಾಸ್ತ್ರಜ್ಞ ಅಲೆಕ್ಸಾಂಡರ್ ಚಯನೊವ್, ಕುಟುಂಬ ತನ್ನನ್ನು ತಾನೇ ಶೋಷಿಸಿಕೊಳ್ಳುತ್ತದೆ ಎಂದಿದ್ದ.

ಹಾವೇರಿ ಕಡೆಯ ಗುಳಿ ರಾಗಿ ಇದಕ್ಕೆ ಒಳ್ಳೆಯ ಉದಾಹರಣೆ. ಹೊಲಕ್ಕೆ ಉದ್ದಕ್ಕೂ ಅಡ್ಡಕ್ಕೂ ಸುಮಾರು ಒಂದೂವರೆ ಅಡಿಗೊಂದು ಗೆರೆ ಎಳೆದು, ಗೆರೆಗಳು ಕೂಡುವಲ್ಲೆಲ್ಲ ಗುಳಿ ತೆಗೆದು, ಗುಳಿಗೊಂದು ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿ ಎಳೆ ಪೈರು ಊರುತ್ತಾರೆ. ಪೈರು ಚೇತರಿಸಿಕೊಂಡ ಮೇಲೆ ಅದರ ಮೇಲೆ ಹಗುರವಾದ ಕೊರಡು ಎಳೆಯುತ್ತಾರೆ. ಬಾಗಿದ ಪೈರು ಬುಡದಿಂದ ತೆಂಡೆಗಳನ್ನು ಒಡೆಯುತ್ತದೆ. ನಾಲ್ಕೂ ಕಡೆಯಿಂದ ಎಡೆಕುಂಟೆ ಹಾಯುತ್ತದೆ. ಎರಚಿ ಬಿತ್ತಿದ ರಾಗಿಗಿಂತ ಇಳುವರಿ ಎಷ್ಟೋ ಹೆಚ್ಚು. ಆದರೆ ಪ್ರತಿ ಗುಳಿಗೂ ಒಬ್ಬರು ಬಗ್ಗಿರುತ್ತಾರೆ, ಮತ್ತು ಹಾಗೆ ಬಗ್ಗುವವರಲ್ಲಿ ಹೆಂಗಸರೇ ಹೆಚ್ಚು.

ದೊಡ್ಡ ಹೊಲ ಆ ಬೆನ್ನಿನ ಜಾಗಕ್ಕೆ ಡೀಸೆಲ್ ತಂದಿತು. ಅದರ ಲೆಕ್ಕವನ್ನು ಅಮೆರಿಕದ ವಿಜ್ಞಾನಿ ಡೇವಿಡ್ ಪಿಮೆಂಟಲ್ 1973ರಲ್ಲಿ ತೆಗೆದರು. ಅಮೆರಿಕದ ಮೆಕ್ಕೆಜೋಳದಲ್ಲಿ ಒಂದು ಕ್ಯಾಲೊರಿ ಶಕ್ತಿ ಹೂಡಿದರೆ 1945ರಲ್ಲಿ 3.7 ಕ್ಯಾಲೊರಿ ಮರಳುತ್ತಿತ್ತು. 1970ರ ಹೊತ್ತಿಗೆ ಅದು 2.8ಕ್ಕೆ ಇಳಿದಿತ್ತು. ಇಳುವರಿ ಏರಿದ್ದರೂ ಗೊಬ್ಬರ ಮತ್ತು ಇಂಧನ ಅದಕ್ಕಿಂತ ವೇಗವಾಗಿ ಏರಿದ್ದವು. ಎಕರೆಯಿಂದ ಅಳೆದರೆ ಸಣ್ಣ ಹೊಲ ಗೆಲ್ಲುತ್ತದೆ, ಒಬ್ಬಾಳಿನ ದಿನದಿಂದ ಅಳೆದರೆ ದೊಡ್ಡ ಹೊಲ. ಅಳತೆಗೋಲು ಆಯ್ದವರೇ ಗೆದ್ದವರನ್ನೂ ಆಯ್ದಂತೆ. ಹೊಲದ ಮಣ್ಣು ನೂರು ವರ್ಷ ಬಾಳುವಂತಿದ್ದು, ಅದರಲ್ಲಿ ದುಡಿಯಲು ಮಗಳೂ ಮಗನೂ ಒಲ್ಲೆ ಎಂದರೆ ಆ ಬೇಸಾಯವೂ ಬಾಳುವುದಿಲ್ಲ.

ಗೊಬ್ಬರ ಎಲ್ಲಿಂದ ಬರುತ್ತದೆ?

'ಯೂರಿಯಾ ಬಿಡಿ, ಸಗಣಿ ಗೊಬ್ಬರ ಹಾಕಿ' ಎನ್ನುವುದು ಸುಲಭದ ಸಲಹೆ. ಸಗಣಿ ಗೊಬ್ಬರದ ಗುಣಕ್ಕೆ ಸಾಕ್ಷಿ ಬೇಕಾದಷ್ಟಿದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಇವತ್ತಿನವರೆಗೂ ನಡೆದಿರುವ ಬ್ರಾಡ್‌ಬಾಕ್ ಗೋಧಿ ಪ್ರಯೋಗದಲ್ಲಿ, ಪ್ರತಿವರ್ಷ ಕೊಟ್ಟಿಗೆ ಗೊಬ್ಬರ ಪಡೆದ ತಾಕಿನ ಮಣ್ಣು ಗೊಬ್ಬರವಿಲ್ಲದ ಪಕ್ಕದ ತಾಕಿಗಿಂತ ಎರಡು ಪಟ್ಟಿಗೂ ಹೆಚ್ಚು ಸಾವಯವ ಅಂಶ ಕೂಡಿಸಿಕೊಂಡಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1970ರ ದಶಕದ ಕೊನೆಯಿಂದ ಮಳೆಯಾಶ್ರಿತ ರಾಗಿಯ ಮೇಲೆ ನಡೆದಿರುವ ದೀರ್ಘಾವಧಿ ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ಬರೀ ರಾಸಾಯನಿಕ ಗೊಬ್ಬರ ಪಡೆದ ತಾಕುಗಳ ಇಳುವರಿ ವರ್ಷಗಳು ಕಳೆದಂತೆ ಕುಗ್ಗಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ರಾಸಾಯನಿಕವೂ ಸೇರಿದ ತಾಕುಗಳು ಹೆಚ್ಚು ಬೆಳೆದವು, ಕೆಟ್ಟ ಮಳೆಯ ವರ್ಷಗಳನ್ನೂ ತಾಳಿಕೊಂಡವು.

ಆದರೆ ರಾಥಮ್‌ಸ್ಟೆಡ್ ತಾಕಿಗೆ ವರ್ಷಕ್ಕೆ ಹಾಕುವುದು ಹೆಕ್ಟೇರಿಗೆ 35 ಟನ್. ಜಿಕೆವಿಕೆಯ ಮಿತವಾದ ಪ್ರಮಾಣಕ್ಕೇ ಎಕರೆಗೆ ನಾಲ್ಕು ಟನ್ ಬೇಕು. ಒಂದು ಹಸು ದಿನಕ್ಕೆ ಹತ್ತು ಕಿಲೋ ಸಗಣಿ ಹಾಕಿದರೂ ವರ್ಷಕ್ಕೆ ಮೂರೂವರೆ ಟನ್ ಹಸಿ ಸಗಣಿ. ಒಣಗಿ ಕಳಿತಾಗ ಅದು ಬಹಳ ಕುಗ್ಗುತ್ತದೆ. ತಿಪ್ಪೆಗೆ ಕಸಕಡ್ಡಿ ಸೇರಿಸಿದರೂ ಎಕರೆಗೆ ಎರಡು ರಾಸಾದರೂ ಬೇಕಾದೀತು. ಆ ಎರಡು ರಾಸಿಗೆ ಮೇವು ಆ ಒಂದೇ ಎಕರೆಯಿಂದ ಸಾಲದು. ಹಸು ರಂಜಕವನ್ನಾಗಲಿ ಪೊಟ್ಯಾಷನ್ನಾಗಲಿ ಹುಟ್ಟಿಸುವುದಿಲ್ಲ. ಬೇರೆಲ್ಲೋ ಮೇದದ್ದನ್ನು ಕೊಟ್ಟಿಗೆಗೆ ತಂದು ಹಾಕುತ್ತದೆ. ಹಿಂದೆ ಆ 'ಬೇರೆಲ್ಲೋ' ಎಂಬುದು ಊರ ಗೋಮಾಳವಾಗಿತ್ತು. ಉತ್ತರ ಕನ್ನಡದ ಘಟ್ಟದ ಮೇಲಿನ ಅಡಿಕೆ ತೋಟಗಳಲ್ಲಿ ಈ ಸಾಲ ದಾಖಲೆಯಲ್ಲೇ ಇದೆ: ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕು. ತಲೆಮಾರುಗಳಿಂದ ಹಸಿರಾಗಿರುವ ತೋಟದ ಖಾತೆಗೆ ಕಾಡು ಜಮಾ ಮಾಡುತ್ತ ಬಂದಿದೆ.

ಈ ಲೆಕ್ಕ ಹಾಕದೆ ಹೊರಟರೆ ಏನಾಗುತ್ತದೆಂಬುದು ಶ್ರೀಲಂಕಾದಲ್ಲಿ ಕಂಡಿತು. ಸಣ್ಣ ಹಿಡುವಳಿಗಳದೇ ಆದ ಆ ದೇಶದಲ್ಲಿ 2021ರ ಮಧ್ಯಭಾಗದಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿದರು. ಅಷ್ಟು ಭತ್ತಕ್ಕೆ, ಚಹಾಕ್ಕೆ ಬೇಕಾದ ಸಾವಯವ ಗೊಬ್ಬರ ದೇಶದಲ್ಲಿ ಇರಲೇ ಇಲ್ಲ. ಅದೇ ನವೆಂಬರಿನಲ್ಲಿ ನಿಷೇಧ ಹಿಂದಕ್ಕೆ ಹೋಯಿತು, ಆದರೆ ಆ ಹಂಗಾಮಿನ ಭತ್ತ ನೆಲಕಚ್ಚಿತು.

ಉಂಡವರ ಪಾಲು

ಹಾಗಾದರೆ ರಾಗಿಯೊಡನೆ ಲಾರಿ ಹತ್ತಿದ ಹನ್ನೊಂದು ಕಿಲೋ ಎಲ್ಲಿಗೆ ಹೋಯಿತು? ಬೆಂಗಳೂರಿಗೆ. ಮುದ್ದೆಯಾಗಿ ಹೊಟ್ಟೆ ಸೇರಿ, ಬಹುಪಾಲು ಮೂತ್ರವಾಗಿ ಒಳಚರಂಡಿಗಿಳಿದು, ವೃಷಭಾವತಿ ಹೊಳೆಗೋ ಬೆಳ್ಳಂದೂರು ಕೆರೆಗೋ ಹೋಯಿತು. ಬೆಳೆದಲ್ಲಿ ಬರ, ಉಂಡಲ್ಲಿ ಅತಿಸಾರ. ಈ ಸೋರಿಕೆಗೆ ಹೊಲದ ಗಾತ್ರ ಕಾರಣವಲ್ಲ, ಹೊಲಕ್ಕೂ ತಟ್ಟೆಗೂ ನಡುವಿನ ದಾರಿ ಒಮ್ಮುಖವಾದದ್ದು ಕಾರಣ. ಸಾರಜನಕವಾದರೂ ಗಾಳಿಯಲ್ಲಿ ಬೇಕಾದಷ್ಟಿದೆ. ರಂಜಕ ಹಾಗಲ್ಲ, ಅದು ಗಣಿಯ ಕಲ್ಲು. ಜಗತ್ತಿನ ನಿಕ್ಷೇಪದಲ್ಲಿ ನೂರಕ್ಕೆ ಸುಮಾರು 70 ಪಾಲು ಮೊರಾಕೊ ಹಿಡಿತದ ನೆಲದಲ್ಲಿದೆ. ಭಾರತಕ್ಕೆ ಬೇಕಾದ ರಂಜಕದ ಕಚ್ಚಾವಸ್ತು ಬಹುಪಾಲು ಹೊರಗಿನದು.

ಈ ದಾರಿಯನ್ನು ತಿರುಗಿಸುವ ಯೋಚನೆ ಬೆಂಗಳೂರಿಗೆ ಹೊಸದೇನಲ್ಲ. ಪಟ್ಟಣದ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ಹರಡಿ, ಮಣ್ಣು ಮುಚ್ಚಿ ಗೊಬ್ಬರ ಮಾಡುವ ವಿಧಾನ 1930ರ ದಶಕದ ಕೊನೆಯಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡಿತು. ಪಠ್ಯಪುಸ್ತಕಗಳಲ್ಲಿ ಅದು ಇಂದಿಗೂ 'ಬೆಂಗಳೂರು ವಿಧಾನ'. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಎರಡನೇ ಹಂತದ ಶುದ್ಧೀಕರಣ ಸಾಕೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್ ಮೆಟ್ಟಿಲೂ ಹತ್ತಿತು. ಪ್ರಶ್ನೆ ನ್ಯಾಯವಾದದ್ದೇ: ಸಾರದ ಜೊತೆ ವಿಷವನ್ನೂ ಹಿಂದಿರುಗಿಸಿದರೆ ಅದು ಜಮಾ ಆಗುವುದಿಲ್ಲ.

ಉಳಿದ ಕೆಲಸ ಹಂಚಿಕೆಯದು. ದೊಡ್ಡ ಹೊಲದ ಲಾಭಗಳೆಂದರೆ ಯಂತ್ರ, ಸಾಗಣೆ, ಮಾರುಕಟ್ಟೆಯಲ್ಲಿ ಗಟ್ಟಿ ದನಿ. ಇವನ್ನು ಸಣ್ಣವರು ಕೂಡಿ ಪಡೆಯಬಹುದು. ಒಂದೆರಡು ಹಸು ಸಾಕಿದ ಲಕ್ಷಾಂತರ ಮನೆಗಳ ಹಾಲನ್ನು ಕೂಡಿಸಿ ಸಹಕಾರಿ ಹಾಲು ಮಹಾಮಂಡಳ ಕೆಎಂಎಫ್ ಅದನ್ನು ಮಾಡಿ ತೋರಿಸಿದೆ. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಟ್ರ್ಯಾಕ್ಟರ್, ಒಕ್ಕಣೆ ಯಂತ್ರ ಬಾಡಿಗೆಗೆ ಸಿಗುತ್ತವೆ. ಗುಳಿ ತೆಗೆಯುವ, ಕಳೆ ಕೀಳುವ ಬೆನ್ನುಗಳಿಗೆ ಒಪ್ಪುವ ಸಣ್ಣ ಯಂತ್ರಗಳು ಆ ಬಾಡಿಗೆ ಪಟ್ಟಿಗೆ ಮೊದಲು ಸೇರಬೇಕು. ಸಣ್ಣ ಹೊಲದ ಲಾಭಗಳಾದ ಬದು, ಅಕ್ಕಡಿ, ಗಿಡಗಿಡವನ್ನೂ ನೋಡುವ ಕಣ್ಣು, ಇವನ್ನು ಸಾವಿರ ಹೆಕ್ಟೇರಿನವರು ಬಾಡಿಗೆಗೆ ತರುವುದು ಕಷ್ಟ. ಆದರೆ ಸರ್ಕಾರದ ತಕ್ಕಡಿ ರಾಗಿಯನ್ನಷ್ಟೇ ತೂಗಿ ಬೆಂಬಲ ಬೆಲೆ ಕೊಟ್ಟು, ಅದೇ ಹೊಲದ ಅವರೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 45 ಕಿಲೋ ಯೂರಿಯಾ ತೆರಿಗೆ, ಬೇವಿನ ಲೇಪನದ ಶುಲ್ಕ ಬಿಟ್ಟು 242 ರೂಪಾಯಿಗೆ ಸಿಗುವಾಗ ತಿಪ್ಪೆಗೊಬ್ಬರ ಹೊತ್ತ ಕೂಲಿಗೆ ಬಿಡಿಗಾಸೂ ಇಲ್ಲದಿದ್ದರೆ, ಒಂದು ಎಕರೆಯವರೂ ಕಾರ್ಖಾನೆಯ ಹಾದಿಯನ್ನೇ ಹಿಡಿಯುತ್ತಾರೆ. ಅದು ಅವರ ಅಜ್ಞಾನವಲ್ಲ. ನಾವು ಬರೆದ ಲೆಕ್ಕಕ್ಕೆ ಅವರು ಕೊಟ್ಟ ಸರಿಯಾದ ಉತ್ತರ. ಆ ಲೆಕ್ಕವನ್ನು ತಿದ್ದುವ ಹೊಣೆ ಬೆಳೆದವರಿಗಿಂತ ಉಂಡವರ ಮೇಲೆ ಹೆಚ್ಚಿದೆ, ಏಕೆಂದರೆ ಹೊಲದ ಹನ್ನೊಂದು ಕಿಲೋ ಸಾರಜನಕದ ಬಾಕಿ ಇರುವುದು ಅವರ ಹೆಸರಿನಲ್ಲಿ.